ಕೇಳುವ ದೇವರು, ಕೇಳಬೇಕಾದ ಮನುಷ್ಯ



ನಮ್ಮ ಕನ್ನಡದ ‘ಕೇಳು’ ಎಂಬ ಪದಕ್ಕೆ ಮೂರು ಕೆಲಸ. ಪ್ರಶ್ನೆ ಕೇಳುತ್ತೇವೆ, ದನಿ ಕೇಳುತ್ತೇವೆ, ಹಿರಿಯರ ಮಾತು ಕೇಳುತ್ತೇವೆ. ಲ್ಯಾಟಿನ್‌ನಲ್ಲೂ ವಿಧೇಯತೆಯ ಪದ ಹುಟ್ಟಿದ್ದು ಕಿವಿಗೊಡುವುದರಿಂದಲೇ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 144ನೆಯ ಪರಿಚ್ಛೇದ ಇದನ್ನು ನೆನಪಿಸುತ್ತದೆ. ದೈವನ್ಯಾಯ, ದೀನತೆ, ವಿಧೇಯತೆ ಮೂರೂ ‘ಕೇಳು’ ಎಂಬ ಈ ಒಂದು ಪದದಲ್ಲಿ ಕೂಡುವುದನ್ನು ಅರಸುಗಳ ಎರಡನೆಯ ಗ್ರಂಥದ 5ನೆಯ ಅಧ್ಯಾಯದಲ್ಲಿ ಕಾಣಬಹುದು.

ನಾಮಾನ ಸಿರಿಯಾದ ಸೇನಾಪತಿ, ಚರ್ಮರೋಗಿ. ಅವನ ಹೆಂಡತಿಯ ಊಳಿಗಕ್ಕಿದ್ದವಳು ಇಸ್ರಯೇಲಿನಿಂದ ಸೆರೆತಂದ ಹುಡುಗಿ. ಗ್ರಂಥ ಅವಳ ಹೆಸರನ್ನೂ ಹೇಳುವುದಿಲ್ಲ. ಸಮಾರಿಯದ ಪ್ರವಾದಿ ವಾಸಿಮಾಡಬಲ್ಲನೆಂದು ಹೇಳಿದವಳು ಅವಳೇ. ನಾಮಾನ 10 ತಲಾಂತು ಬೆಳ್ಳಿ, 6,000 ಶೆಕೆಲ್ ಚಿನ್ನ, 10 ಜೊತೆ ಉಡುಪು ತೆಗೆದುಕೊಂಡು, ಕುದುರೆ ರಥಗಳೊಡನೆ ಆ ಪ್ರವಾದಿ ಎಲೀಷನ ಬಾಗಿಲಲ್ಲಿ ನಿಂತ. ಎಲೀಷ ಹೊರಗೆ ಬರಲೂ ಇಲ್ಲ. ಜೋರ್ಡನ್ ನದಿಯಲ್ಲಿ ಏಳು ಸಲ ಮೀಯಬೇಕೆಂದು ಆಳಿನ ಕೈಲಿ ಹೇಳಿಕಳಿಸಿದ. ನಾಮಾನನಿಗೆ ಸಿಟ್ಟು ನೆತ್ತಿಗೇರಿತು. ದಮಸ್ಕದಲ್ಲಿ ಅಬಾನ, ಪರ್ಪರ್‌ನಂಥ ಹೊಳೆಗಳಿರುವಾಗ ಈ ನೀರೇಕೆ ಎಂದು ಹೊರಟೇಬಿಟ್ಟ. ಕಷ್ಟದ ಕೆಲಸ ಹೇಳಿದ್ದರೆ ಮಾಡುತ್ತಿದ್ದ ಒಡೆಯ ಸುಲಭದ ಮಾತಿಗೇಕೆ ಮುನಿಯಬೇಕೆಂದು ತಿಳಿಹೇಳಿ ತಡೆದವರು ಅವನ ಸೇವಕರು.

ಹುಡುಗಿ, ಆಳು, ಸೇವಕರು: ಮೂರು ಸಲವೂ ದೇವರ ಮಾತು ಬಂದದ್ದು ಕೆಳಗಿನವರ ಬಾಯಿಂದ. ದಂಡಿಗೆ ಅಪ್ಪಣೆ ಕೊಟ್ಟು ರೂಢಿಯಿದ್ದವನು ಆಳುಗಳ ಮಾತು ಕೇಳಿದ. ಅವನ ದೀನತೆ ಶುರುವಾದದ್ದು ಆ ಗಳಿಗೆಯಲ್ಲಿ. ಏಳನೆಯ ಸಲ ಮುಳುಗಿ ಎದ್ದಾಗ ಮೈ ಎಳೆಮಗುವಿನದರಂತಾಗಿತ್ತು. 4ನೆಯ ಶತಮಾನದಲ್ಲಿ ಮಿಲಾನಿನ ಧರ್ಮಾಧ್ಯಕ್ಷ ಸಂತ ಆಂಬ್ರೋಸ್ ಹೊಸದಾಗಿ ಜ್ಞಾನಸ್ನಾನ ಪಡೆದವರಿಗೆ ಇದೇ ಪ್ರಸಂಗವನ್ನು ವಿವರಿಸಿದ್ದರು.

ಎಲೀಷ ಕಾಣಿಕೆ ಮುಟ್ಟಲಿಲ್ಲ. ಅವನ ಸೇವಕ ಗೇಹಜಿ ಗುಟ್ಟಾಗಿ ನಾಮಾನನ ಹಿಂದೆ ಓಡಿ, ಸುಳ್ಳು ಹೇಳಿ, ಎರಡು ತಲಾಂತು ಬೆಳ್ಳಿ, ಎರಡು ಜೊತೆ ಉಡುಪು ತಂದು ಬಚ್ಚಿಟ್ಟ. ಏನೂ ಆಗದವನಂತೆ ಬಂದು ಗುರುವಿನ ಮುಂದೆ ನಿಂತ. ಎಲೀಷ ಎಲ್ಲವನ್ನೂ ಬಲ್ಲ. ಆದರೂ ಎಲ್ಲಿಗೆ ಹೋಗಿದ್ದೆಯೆಂದು ಮೊದಲು ಕೇಳಿದ. ಏದೆನ್ ತೋಟದಲ್ಲಿ ಅಡಗಿದ ಆದಾಮನನ್ನೂ, ತಮ್ಮನನ್ನು ಕೊಂದ ಕಾಯಿನನನ್ನೂ ದೇವರು ಹೀಗೆಯೇ ಗೊತ್ತಿದ್ದೂ ಕೇಳಿದ್ದರು. ತೀರ್ಪಿಗೆ ಮುಂಚೆ ಬರುವ ಈ ಪ್ರಶ್ನೆಯೇ ಕರುಣೆ. ನಿಜ ಹೇಳಲು ಅಲ್ಲಿ ಎಡೆಯಿದೆ. ಗೇಹಜಿ ತಾನೆಲ್ಲಿಗೂ ಹೋಗಿಲ್ಲವೆಂದ. ನಾಮಾನನನ್ನು ಬಿಟ್ಟ ರೋಗ ಅವನಿಗೆ ಅಂಟಿತು.

ಹೊರಗಿನವನು ಗುಣವಾದ, ಪ್ರವಾದಿಯ ಮನೆಯಲ್ಲೇ ಇದ್ದವನು ಕೆಟ್ಟ. ಯೇಸುಸ್ವಾಮಿ ನಜರೇತಿನಲ್ಲಿ ನಾಮಾನನ ಹೆಸರೆತ್ತಿದಾಗ ಊರವರೇ ಅವರನ್ನು ಗುಡ್ಡದ ಅಂಚಿಗೆ ಅಟ್ಟಿದರೆಂದು ಸಂತ ಲೂಕರು ಬರೆಯುತ್ತಾರೆ. ತಪಸ್ಸುಕಾಲದ ಮೂರನೆಯ ವಾರದ ಸೋಮವಾರ ಬಲಿಪೂಜೆಯಲ್ಲಿ ಈ ಎರಡು ವಾಚನಗಳನ್ನು ಒಟ್ಟಿಗೆ ಕೇಳುವಾಗ, ಪೀಠದ ಹತ್ತಿರವೇ ಬೆಳೆದ ನನ್ನಂಥವರಿಗೆ ಗೇಹಜಿಯ ನೆನಪು ಕಾಡಬೇಕು.

ಪಾಪನಿವೇದನೆಗೆ ಮೊಣಕಾಲೂರಿದಾಗ ನಮ್ಮೆದುರು ಇರುವುದೂ ಎಲೀಷನ ಪ್ರಶ್ನೆಯೇ. ಇಂದು ರಾತ್ರಿ ಮಲಗುವ ಮುನ್ನ ಅದನ್ನು ನಮಗೆ ನಾವೇ ಕೇಳಿಕೊಳ್ಳೋಣ. ಹೋದ ಕಡೆಗೆ ಹೋದೆನೆಂದೇ ಹೇಳೋಣ.