ಪಂಪು ಕೆಟ್ಟರೆ ಹೊಣೆ ಯಾರದು?

(ಅಬ್ಬೆತುಮಕೂರಿನಲ್ಲಿ ಗಿರಣಿ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ನಮ್ಮ ಮಾತು ಡೀಸೆಲ್ ಪಂಪಿನ ಮೇಲೆ. ದೊಡ್ಡ ದೊಡ್ಡ ಪ್ರಶ್ನೆಗಳಿರುವಾಗ ಒಂದು ಕಬ್ಬಿಣದ ತುಂಡಿನ ಮೇಲೆ ಭಾಷಣವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಆ ತುಂಡು ಕೆಟ್ಟಾಗ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಜಿನ್ನಿಂಗ್ ಗಿರಣಿಗೆ ಹತ್ತಿ ತರುವ ಪಿಕಪ್, ತೊಗರಿ ಹೊತ್ತ ಟ್ರ್ಯಾಕ್ಟರ್, ಸಂತೆಯಿಂದ ಸಂತೆಗೆ ತಿರುಗುವ ವ್ಯಾಪಾರಿಯ ಗೂಡ್ಸ್ ಗಾಡಿ ನಿಂತರೆ ಹಮಾಲನ ಕೂಲಿ ನಿಲ್ಲುತ್ತದೆ, ಅಂಗಡಿಯ ಮಾಲು ನಿಲ್ಲುತ್ತದೆ. ನಿಲ್ಲದೆ ನಡೆಯುವುದು ಸಾಲದ ಕಂತು ಒಂದೇ.

ಮೊದಲು ಯಂತ್ರದ ವಿಚಾರ. ಈ ಪಂಪು ನಮಗೆ ಹೊರಗಿನ ಮಾಯೆಯಲ್ಲ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಜನರ ಬಾಯಲ್ಲಿ 'ಮೈಕೋ', ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ಇಂಥ ಪಂಪುಗಳನ್ನು ತಯಾರಿಸಿತು. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಕನ್ನಡ ನಾಡಿನ ಕಾರ್ಮಿಕರ ಕೈಗಳೇ ಮೈಕ್ರಾನ್ ಲೆಕ್ಕದಲ್ಲಿ ಈ ಭಾಗಗಳನ್ನು ತಿದ್ದಿ ತೀಡಿವೆ.

ಹಳೆಯ ಪಂಪು ಸ್ವಲ್ಪ ಒರಟಾದರೂ ತಾಳಿಕೆಯದು. ಈಗಿನ 'ಕಾಮನ್ ರೈಲ್' ಎಂಜಿನ್ನಿನಲ್ಲಿ ಡೀಸೆಲ್ಲಿನ ಒತ್ತಡ ಸಾವಿರದಾರುನೂರು ಬಾರ್, ಅದಕ್ಕೂ ಮೇಲೆ. ಆ ಪಂಪಿಗೆ ಬೇರೆ ಎಣ್ಣೆ ಹಾಕುವುದಿಲ್ಲ; ಅದರೊಳಗೆ ಹರಿಯುವ ಡೀಸೆಲ್ಲೇ ಅದಕ್ಕೆ ಜಿಡ್ಡು. ನೀರು ಬೆರೆತರೆ, ಸೀಮೆಎಣ್ಣೆ ಬೆರೆತರೆ ಆ ಜಿಡ್ಡು ಹೋಗಿ ಲೋಹಕ್ಕೆ ಲೋಹ ಉಜ್ಜುತ್ತದೆ. ಉದುರಿದ ಲೋಹದ ಪುಡಿ ಮುಂದೆ ಇಂಜೆಕ್ಟರ್‌ಗಳಿಗೂ ಹೋಗುತ್ತದೆ. ಆಗ ಪಂಪು ಒಂದೇ ಅಲ್ಲ, ಇಡೀ ಸರಣಿಯನ್ನೇ ಬದಲಿಸಬೇಕಾಗುತ್ತದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ನಿಯಮದಂತೆ ಡೀಸೆಲ್ಲಿನಲ್ಲಿ ಗಂಧಕದ ಅಂಶ ಹತ್ತು ಲಕ್ಷದಲ್ಲಿ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಗಾಳಿಗೆ ಇದು ಒಳ್ಳೆಯದೇ. ಆದರೆ ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಸಹಜ ಜಿಡ್ಡೂ ಕಡಿಮೆಯಾಗುವುದರಿಂದ ಅದನ್ನು ಬೇರೆ ದ್ರವ್ಯ ಸೇರಿಸಿ ಸರಿದೂಗಿಸಬೇಕಾಗುತ್ತದೆ.

ಇನ್ನು ಜಗಳದ ವಿಚಾರ. ವಾರಂಟಿ ಅವಧಿಯೊಳಗೇ ಪಂಪು ಕೆಟ್ಟಿತೆನ್ನಿ. ಗಾಡಿ ಮಾರಿದವನು 'ಡೀಸೆಲ್ ಕೆಟ್ಟದ್ದು, ವಾರಂಟಿ ಪುಸ್ತಕ ನೋಡಿರಿ' ಎನ್ನುತ್ತಾನೆ. ಬಂಕಿನವನು 'ನಮ್ಮಲ್ಲಿ ದಿನಕ್ಕೆ ಎಷ್ಟೋ ಗಾಡಿ ಬರುತ್ತವೆ, ನಿಮ್ಮದೊಂದೇ ಏಕೆ ಕೆಟ್ಟಿತು?' ಎನ್ನುತ್ತಾನೆ. ಕಂಪನಿಯವರು 'ಪಂಪು ನಾವು ಮಾಡಿದ್ದಲ್ಲ, ಕೊಂಡು ಕೂಡಿಸಿದ್ದು' ಎನ್ನುತ್ತಾರೆ. ಮೂವರ ಬಾಯಲ್ಲೂ ಮಾತುಂಟು. ಬಿಲ್ಲು ಮಾತ್ರ ನಾಲ್ಕನೆಯವನ ಕೈಯಲ್ಲಿ.

ಡೀಸೆಲ್ಲಿನ ದೂರು ಯಾವಾಗಲೂ ಸುಳ್ಳೆಂದು ನಾವು ಹೇಳುವುದಿಲ್ಲ. ಕಲಬೆರಕೆ ಈ ದೇಶದಲ್ಲಿ ಪ್ರಾಣ ತೆಗೆದಿದೆ. ಕೋಲಾರ ಚಿನ್ನದ ಗಣಿಯ ಊರಿನಲ್ಲಿ ಬೆಳೆದು, ಮೈಸೂರಿನಲ್ಲಿ ಓದಿ, ಇಂಡಿಯನ್ ಆಯಿಲ್ ಅಧಿಕಾರಿಯಾಗಿದ್ದ ಎಸ್. ಮಂಜುನಾಥ್ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆಯ ಬಂಕಿಗೆ ಬೀಗಮುದ್ರೆ ಹಾಕಿಸಿದ್ದಕ್ಕಾಗಿ 2005ರ ನವೆಂಬರಿನಲ್ಲಿ ಗುಂಡಿಗೆ ಬಲಿಯಾದರು. ಹಾಗೆಂದು ತಪ್ಪೆಲ್ಲ ಡೀಸೆಲ್ಲಿನದೂ ಅಲ್ಲ. 2021ರಲ್ಲಿ ಅಮೆರಿಕದಲ್ಲಿ ರಾಮ್ ಹೆಸರಿನ ಎರಡು ಲಕ್ಷಕ್ಕೂ ಹೆಚ್ಚು ಡೀಸೆಲ್ ಗಾಡಿಗಳನ್ನು ಇಂಧನ ಪಂಪಿನ ದೋಷಕ್ಕಾಗಿಯೇ ತಯಾರಕರು ಹಿಂದಕ್ಕೆ ಕರೆದರು. ಆದುದರಿಂದ ಪರೀಕ್ಷೆಯಿಲ್ಲದೆ 'ಡೀಸೆಲ್ ಕೆಟ್ಟದ್ದು' ಎಂಬ ಮಾತನ್ನು ನಾವೇಕೆ ಒಪ್ಪಬೇಕು?

ಕಾನೂನು ಏನು ಹೇಳುತ್ತದೆ? ಕೋರ್ಟಿನಲ್ಲಿ ಕಂಪನಿಯ ವಕೀಲರು ಬೀಸುವ ಮೊದಲ ಅಸ್ತ್ರ ಇದು: 'ಇವನು ಗಾಡಿಯನ್ನು ವ್ಯಾಪಾರಕ್ಕೆ ಕೊಂಡವನು, ಗ್ರಾಹಕನಲ್ಲ.' ಇದಕ್ಕೆ ಸುಪ್ರೀಂ ಕೋರ್ಟು 1995ರಲ್ಲೇ ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ಹೊಟ್ಟೆಪಾಡಿಗಾಗಿ ತಾನೇ ಓಡಿಸಲು ಆಟೋ ಕೊಂಡವನೂ, ಲಾರಿ ಕೊಂಡವನೂ ಗ್ರಾಹಕನೇ. ಒಬ್ಬಿಬ್ಬರು ಸಹಾಯಕರನ್ನು ಇಟ್ಟುಕೊಂಡ ಮಾತ್ರಕ್ಕೆ ಅವನ ಹಕ್ಕು ಹೋಗುವುದಿಲ್ಲ. ಹತ್ತು ಲಾರಿ, ಹತ್ತು ಚಾಲಕರನ್ನು ಇಟ್ಟ ಸಾಹುಕಾರನ ಮಾತು ಬೇರೆ. ಈ ಗೆರೆಯನ್ನು ನಮ್ಮ ಜನ ಚೆನ್ನಾಗಿ ನೆನಪಿಡಬೇಕು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೊಂದು ಅನುಕೂಲ ಮಾಡಿದೆ. ಕಂಪನಿಯ ಕಚೇರಿ ಮುಂಬಯಿಯಲ್ಲಿರಲಿ, ಚೆನ್ನೈಯಲ್ಲಿರಲಿ, ನಾವು ವಾಸಿಸುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದಾವೆ ಹೂಡಬಹುದು. 1986ರ ಕಾಯ್ದೆಯಲ್ಲಿ ಈ ಸೌಲಭ್ಯವಿರಲಿಲ್ಲ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಅವಧಿ ಎರಡು ವರ್ಷ. ಪರೀಕ್ಷೆಯಿಲ್ಲದೆ ದೋಷ ತಿಳಿಯದಿದ್ದರೆ ಮಾದರಿಗೆ ಮುದ್ರೆ ಹಾಕಿ ಪ್ರಯೋಗಾಲಯಕ್ಕೆ ಕಳುಹಿಸುವ ಅಧಿಕಾರ ಆಯೋಗಕ್ಕಿದೆ. ಒಂದೇ ಬಗೆಯ ದೂರು ಹಲವರದಾದರೆ, ಅನುಮತಿ ಪಡೆದು ಎಲ್ಲರ ಪರವಾಗಿ ಒಂದೇ ದಾವೆ ಹಾಕಲೂ ಬರುತ್ತದೆ.

ಇನ್ನು ನಾವು ಮಾಡಬೇಕಾದದ್ದು.

ಡೀಸೆಲ್ ಹಾಕಿಸಿದ ಪ್ರತಿ ಸಲವೂ ರಸೀದಿ ಕೇಳಿರಿ, ಹಳೆಯದೆಂದು ಎಸೆಯಬೇಡಿರಿ. ಬಂಕಿನಲ್ಲಿ ಸಾಂದ್ರತೆ ಪರೀಕ್ಷಿಸಿ ತೋರಿಸೆಂದು ಕೇಳುವುದು ನಿಮ್ಮ ಹಕ್ಕು. ಫಿಲ್ಟರಿನ ನೀರು ತೆಗೆಯುವುದನ್ನೂ, ಸರ್ವಿಸನ್ನೂ ಹೊತ್ತಿಗೆ ಸರಿಯಾಗಿ ಮಾಡಿಸಿ ಬರೆದಿಡಿರಿ. ಇಲ್ಲವಾದರೆ ಎದುರಿನವನಿಗೆ ನಾವೇ ನೆಪ ಕೊಟ್ಟಂತಾಗುತ್ತದೆ. ಗಾಡಿ ನಿಂತರೆ ಟ್ಯಾಂಕನ್ನು ಖಾಲಿ ಮಾಡಿಸಬೇಡಿರಿ, ಬಿಚ್ಚಿದ ಪಂಪನ್ನು ಬಿಟ್ಟು ಬರಬೇಡಿರಿ. ಸಾಕ್ಷಿ ಇರುವುದು ಅವೆರಡರಲ್ಲೇ. ವಾರಂಟಿ ಇಲ್ಲ ಎಂದರೆ 'ಕಾರಣ ಬರೆದು, ಸಹಿ ಹಾಕಿ ಕೊಡಿರಿ' ಎನ್ನಿರಿ. ಬಾಯಲ್ಲಿ ಧಾರಾಳವಾಗಿ 'ಇಲ್ಲ' ಎನ್ನುವವರು ಕಾಗದದ ಮೇಲೆ ಅದನ್ನೇ ಬರೆಯಲು ಹಿಂಜರಿಯುವುದನ್ನು ನಾವು ಕಂಡಿದ್ದೇವೆ. ದಾವೆ ಹೂಡುವಾಗ ಮಾರಿದವನನ್ನೂ ತಯಾರಿಸಿದವನನ್ನೂ ಇಬ್ಬರನ್ನೂ ಪ್ರತಿವಾದಿ ಮಾಡಿರಿ. ಒಬ್ಬನ ಕಡೆ ಇನ್ನೊಬ್ಬ ಬೆರಳು ತೋರಿಸುವ ಆಟ ಆಗ ಆಯೋಗದ ಮುಂದೆಯೇ ನಡೆಯಲಿ.

ಕೊನೆಯ ಮಾತು. ಒಬ್ಬ ಚಾಲಕ ಹೋಗಿ ಕೌಂಟರಿನ ಮುಂದೆ ನಿಂತರೆ 'ನಾಳೆ ಬಾ' ಎನ್ನುತ್ತಾರೆ. ಹತ್ತು ಜನರ ರಸೀದಿ, ಹತ್ತು ಗಾಡಿಗಳ ದಾಖಲೆ ಒಂದೇ ಕಡೆ ಕೂಡಿದರೆ ಅದು ದೂರಲ್ಲ, ಪುರಾವೆ. ನಮ್ಮ ಬೇಡಿಕೆ ಇಷ್ಟೇ: ವಾರಂಟಿ ನಿರಾಕರಿಸುವವನೇ ಪರೀಕ್ಷೆ ಮಾಡಿಸಿ ಕಾರಣ ತೋರಿಸಲಿ, ತೀರ್ಮಾನವಾಗುವವರೆಗೆ ಸಾಲ ಕೊಟ್ಟವರು ಗಾಡಿ ಎಳೆದೊಯ್ಯದಿರಲಿ. ಈ ಬೇಡಿಕೆ ಹೊತ್ತು ಹೋಗಲು ಪ್ರತಿ ಗಿರಣಿಯಿಂದ, ಪ್ರತಿ ಗಾಡಿ ನಿಲ್ದಾಣದಿಂದ ಒಬ್ಬೊಬ್ಬರು ಈ ಸಭೆಯಲ್ಲೇ ಹೆಸರು ಕೊಡಬೇಕೆಂದು ಕೇಳಿಕೊಂಡು ನಾವು ಮಾತು ಮುಗಿಸುತ್ತೇವೆ.