ಕೈಯಲ್ಲಿ ಉಳಿಯಬೇಕಾದ ವಿದ್ಯೆ

ಇಂದು ಪದವೀಭೂಷಿತರಾದ ಶುಶ್ರೂಷಾ ಸ್ನಾತಕರೆ,

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಬ್ಬಿನ ಹೊಲ, ತಂಬಾಕಿನ ಉಗ್ರಾಣಗಳ ನೆರೆಯಿಂದ ಬಂದು ವಿದ್ಯಾವಂತರಾಗಿರುವ ನಿಮ್ಮನ್ನು ಅಭಿನಂದಿಸುವುದು ನನ್ನ ಪ್ರಥಮ ಕರ್ತವ್ಯ. ಇಂಥ ದಿನ ಸಕಲಶಾಸ್ತ್ರಗಳ ಮಹಿಮೆಯನ್ನು ಕೊಂಡಾಡುವುದು ವಾಡಿಕೆಯಾದರೂ, ಹೃದಯಸ್ತಂಭನಕ್ಕೀಡಾದ ರೋಗಿಯ ಎದೆಯನ್ನು ಒತ್ತುವ ಒಂದು ಹಸ್ತಕೌಶಲವನ್ನು ಕುರಿತೇ ನಾನು ಮಾತನಾಡಬಯಸುತ್ತೇನೆ. ಏಕೆಂದರೆ ನೀವು ಪಡೆದ ಪದವಿ ಯಾವಜ್ಜೀವವೂ ನಿಮ್ಮದಾಗಿರುವುದಾದರೂ, ಈ ಕೌಶಲವು ಅಭ್ಯಾಸವಿಲ್ಲದಿದ್ದರೆ, ಸುಗ್ಗಿ ಮುಗಿದ ಮೇಲೆ ಮೂಲೆಗಿಟ್ಟ ಕೊಯ್ತದಂತೆ, ಕೆಲವೇ ತಿಂಗಳುಗಳಲ್ಲಿ ಮೊಂಡಾಗುವಂಥದು.

1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು, ಎದೆಯನ್ನು ಸೀಳದೆ ಹೊರಗಿನಿಂದಲೇ ಒತ್ತಿ ರಕ್ತಸಂಚಾರವನ್ನು ನಡೆಸಬಹುದೆಂದು ಲೋಕಕ್ಕೆ ಸಾರಿದರು. ಉಪಕರಣವೆಂದರೆ ಎರಡು ಕೈಗಳು. ಆದರೆ ಅತ್ಯುತ್ತಮವಾಗಿ ಒತ್ತಿದಾಗಲೂ ಸ್ವಸ್ಥ ಹೃದಯವು ಹರಿಸುವ ರಕ್ತದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ದೊರೆಯುವುದು ವಿರಳವಾದುದರಿಂದ, ಅರೆಮನಸ್ಸಿನ ಒತ್ತಿಗೆ ಇಲ್ಲಿ ಎಡೆಯೇ ಇಲ್ಲ. ನಿಮಿಷಕ್ಕೆ 100ರಿಂದ 120 ಬಾರಿ, ವಯಸ್ಕರಲ್ಲಿ 5 ಸೆಂಟಿಮೀಟರಿಗೆ ಕಡಿಮೆಯಾಗದೆ 6ನ್ನು ಮೀರದೆ ಒತ್ತಬೇಕು. ಪ್ರತಿಯೊಂದು ಒತ್ತಿನ ಬಳಿಕ ಎದೆಗೂಡು ಪೂರ್ತಿ ಮೇಲೇಳಲು ಬಿಡಬೇಕು, ಹೃದಯಕ್ಕೆ ರಕ್ತ ತುಂಬುವುದು ಆ ಕ್ಷಣದಲ್ಲಿಯೇ. ನಡುವಣ ವಿರಾಮ 10 ಸೆಕೆಂಡನ್ನು ದಾಟಕೂಡದು.

ತರಗತಿಯ ನೆಲದ ಮೇಲೆ ಮಲಗಿಸಿದ ಗೊಂಬೆಯಲ್ಲಿ ಇದನ್ನೆಲ್ಲ ಸಾಧಿಸಿದವರೂ ವಾರ್ಡಿನಲ್ಲಿ ಸೋಲುವುದುಂಟು. ಮೆತ್ತನೆಯ ಹಾಸಿಗೆ ರೋಗಿಯ ಅಡಿಯಲ್ಲಿ ಕುಸಿಯುತ್ತದೆ, ಎದೆ ಕುಸಿಯಿತೆಂದು ನಾವು ಭ್ರಮಿಸುತ್ತೇವೆ. ಮಂಚ ಎತ್ತರವಾಗಿದ್ದರೆ ದೇಹಭಾರ ತೋಳಿಗಿಳಿಯದು. ಎರಡು ನಿಮಿಷ ಕಳೆಯುವುದರೊಳಗೆ, ಒತ್ತುವವನಿಗೆ ಅರಿವಾಗುವ ಮೊದಲೇ, ಒತ್ತಿನ ಆಳ ಕುಗ್ಗುತ್ತದೆ. ಆದ್ದರಿಂದ ಬೆನ್ನಡಿಗೆ ಹಲಗೆ ಸೇರಿಸುವುದನ್ನೂ, ಮಂಚ ತಗ್ಗಿಸುವುದನ್ನೂ, ಎರಡು ನಿಮಿಷಕ್ಕೊಮ್ಮೆ ಒತ್ತುವವರನ್ನು ಬದಲಿಸುವುದನ್ನೂ ವಾರ್ಡಿನ ಮಂಚದ ಮೇಲೆಯೇ, ಜೊತೆಗೆ ದುಡಿಯುವ ತಂಡದೊಂದಿಗೇ ರೂಢಿಸಿಕೊಳ್ಳತಕ್ಕದ್ದು. ವರ್ಷಕ್ಕೊಂದು ದಿನದ ಶಿಬಿರಕ್ಕಿಂತ ತಿಂಗಳಿಗೊಮ್ಮೆಯ ಕೆಲವು ನಿಮಿಷಗಳ ಸಾಧನೆಯೇ ಶ್ರೇಯಸ್ಕರ.

ನಮ್ಮ ಸೀಮೆಗಂತೂ ಇದು ಅನಿವಾರ್ಯ. ಅಥಣಿಯಿಂದ ಬೆಳಗಾವಿ ನೂರು ಕಿಲೋಮೀಟರಿಗೂ ಮೀರಿದ ದೂರ. 2019ರ ಆಗಸ್ಟಿನಲ್ಲಿ ಕೃಷ್ಣೆಯೂ ಅವಳ ಉಪನದಿಗಳೂ ಉಕ್ಕಿದಾಗ ಎಷ್ಟೋ ಹಳ್ಳಿಗಳಿಗೆ ದಾರಿಯೇ ಇರಲಿಲ್ಲ. ರಕ್ತವಿಲ್ಲದ ಮೆದುಳು ನಾಲ್ಕೈದು ನಿಮಿಷಗಳಲ್ಲಿಯೇ ಕೆಡತೊಡಗುವಾಗ, ತಾಲ್ಲೂಕು ಆಸ್ಪತ್ರೆಯ ರಾತ್ರಿಪಾಳಿಯಲ್ಲಿ ಹಾಸಿಗೆಯ ಬಳಿ ನಿಂತವರ ಕೈಯೇ ಮೊದಲ ಚಿಕಿತ್ಸೆ. ನೀರಿನಲ್ಲಿ ಮುಳುಗಿದವರನ್ನು ತಂದಾಗ ಒತ್ತಿನೊಡನೆ ಉಸಿರನ್ನೂ ಕೊಡಬೇಕೆಂಬುದನ್ನು ನದೀತೀರದವರಾದ ನೀವು ಮರೆಯಲಾಗದು.

ಇನ್ನೊಂದು ಮಾತು. ಒತ್ತುತ್ತಿರುವವರು ಎಷ್ಟೇ ಹಿರಿಯ ವೈದ್ಯರಾಗಿರಲಿ, ಅವರ ಕೈ ಸೋತುದನ್ನು ಕಂಡಾಗ "ಆಳ ಸಾಲದು, ನಾನು ಮುಂದುವರಿಸುತ್ತೇನೆ" ಎನ್ನಲು ಹಿಂಜರಿಯದಿರಿ. ಹಾಗೆಂದವರನ್ನು ಉದ್ಧಟರೆಂದು ಬಗೆಯದಿರುವ ಸಂಸ್ಕಾರ ಆಸ್ಪತ್ರೆಯ ಹಿರಿಯರದಾಗಲಿ. ನಿರ್ದುಷ್ಟವಾಗಿ ಒತ್ತಿದರೂ ಬಹುಮಂದಿ ಬದುಕಲಾರರು. ಆದರೆ ಬದುಕಬಹುದಾಗಿದ್ದವರು ನಮ್ಮ ಅನಭ್ಯಾಸದಿಂದ ಅಳಿಯಕೂಡದು. ನೀವು ಕೆಲಸಕ್ಕೆ ಸೇರುವ ಆಸ್ಪತ್ರೆಯಲ್ಲಿ ಅಭ್ಯಾಸದ ಗೊಂಬೆ ಎಲ್ಲಿದೆಯೆಂದು ಮೊದಲ ವಾರದಲ್ಲಿಯೇ ವಿಚಾರಿಸಿರಿ. ಇಲ್ಲವಾದರೆ ಕೇಳಿ ತರಿಸಿರಿ.