ಏಳು ಮನೆಗಳ ಊರು

ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದ ಬೆಟ್ಟಗಳ ನಡುವೆ ವಾಯೆ ರೆಬೊ ಎಂಬ ಊರಿದೆ. ಎತ್ತರ 1,100 ಮೀಟರಿಗೂ ಹೆಚ್ಚು. ವಾಹನ ಹೋಗದು, ಕಾಡುಹಾದಿ ಹಿಡಿದು ಏರಬೇಕು. ಅಲ್ಲಿ ಇರುವುದು ಅಂಗಳದ ಸುತ್ತ ನಿಂತ ಏಳು ದೊಡ್ಡ ಮನೆಗಳು. ಗೋಡೆ ಕಾಣದು, ಶಂಕುವಿನಾಕಾರದ ಹುಲ್ಲಿನ ಮಾಡು ಹೆಚ್ಚುಕಡಿಮೆ ನೆಲ ಮುಟ್ಟುತ್ತದೆ. ಮರ, ಬಿದಿರನ್ನು ಮೊಳೆಯಿಲ್ಲದೆ ಬೆತ್ತದಲ್ಲೇ ಬಿಗಿದಿದ್ದಾರೆ.

ಒಳಗೆ ಐದು ಅಂತಸ್ತು. ಕೆಳಗೆ ಹಲವು ಕುಟುಂಬಗಳ ವಾಸ, ಒಲೆ. ಅದರ ಮೇಲೆ ದಿನಬಳಕೆಯ ದವಸ, ಇನ್ನೂ ಮೇಲೆ ಬಿತ್ತನೆ ಬೀಜ, ಅದರಾಚೆ ಬರಗಾಲಕ್ಕೆಂದು ತೆಗೆದಿಟ್ಟ ಧಾನ್ಯ. ತುತ್ತತುದಿಯಲ್ಲಿ ಹಿರಿಯರಿಗೆ ಎಡೆ. ಒಲೆಯ ಹೊಗೆ ಮೇಲೇರಿ ಮಾಡನ್ನು ಹುಳ ಹಿಡಿಯದಂತೆ ಕಾಯುತ್ತದೆ. ಎಂಥ ಅಚ್ಚುಕಟ್ಟು ನೋಡಿ!

2008ರ ಹೊತ್ತಿಗೆ ಉಳಿದಿದ್ದವು ನಾಲ್ಕೇ ಮನೆ. ಜಕಾರ್ತದ ವಾಸ್ತುಶಿಲ್ಪಿ ಯೋರಿ ಅಂತಾರ್ ಗೆಳೆಯರೊಂದಿಗೆ ಬಂದವರು ಇಲ್ಲವಾದ ಮನೆಗಳನ್ನು ಮತ್ತೆ ಕಟ್ಟಲು ನೆರವು ಕೂಡಿಸಿದರು. ಆದರೆ ಕಟ್ಟಿದವರು ಊರವರೇ. ಹಿರಿಯರಿಗೆ ಗೊತ್ತಿದ್ದ ಕಸುಬು ಹುಡುಗರ ಕೈಗೆ ಬಂತು. 2012ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿಯಲ್ಲಿ ಈ ಊರಿಗೇ ಅಗ್ರಸ್ಥಾನ.

ಈಗ ಪ್ರವಾಸಿಗರೂ ಬರುತ್ತಾರೆ. ಬಂದವರು ಮೊದಲು ಊರಿನ ಮುಖ್ಯ ಮನೆಯಲ್ಲಿ ಹಿರಿಯರ ಮುಂದೆ ಕೂತು ಅಪ್ಪಣೆ ಪಡೆಯಬೇಕು. ಫೋಟೊ ಏನಿದ್ದರೂ ಆಮೇಲೆ.